ಗಾಜಿನ ಮನೆಯ ತಾರಾಜೋಡಿ!

ಹಳೇ ಸಿನಿಮಾಗಳಲ್ಲಿ ಸಾಹುಕಾರರ ಬಂಗಲೆ ನೆನಪಿದೆಯಾ? ಬಳುಕಿ ಇಳಿಯುವ ಮೆಟ್ಟಿಲು, ಕಪ್ಪು ಟೆಲಿಫೋನು, ಮೂಲೆಯಲ್ಲೊಂದು ಮೀನಿನ ತೊಟ್ಟಿ! ನನಗೆ ಹುಚ್ಚು ಹತ್ತಿದ್ದು ಅಲ್ಲಿಂದಲೇ. ಮೆಟ್ಟಿಲು ಕಟ್ಟಿಸುವ ಯೋಗ ಬರಲಿಲ್ಲ. ಬೆಂಗಳೂರಿನ ನಮ್ಮ ಪುಟ್ಟ ಬಾಡಿಗೆ ಮನೆಗೆ ನಾಲ್ಕಡಿ ಉದ್ದದ ಅಕ್ವೇರಿಯಂ ಮಾತ್ರ ಬಂತು. ಅದರೊಳಗೆ ಆರು ಡಿಸ್ಕಸ್ ಮರಿಗಳು.

ಡಿಸ್ಕಸ್ ಅಂದ್ರೆ ಹೇಗಿರುತ್ತೆ ಅಂತೀರಾ? ಕಾಫಿ ಸಾಸರಿಗೆ ಬಣ್ಣ ಬಳಿದು, ನೆಟ್ಟಗೆ ನಿಲ್ಲಿಸಿ, ಈಜೋಕೆ ಬಿಟ್ಟ ಹಾಗೆ! ತವರು ದಕ್ಷಿಣ ಅಮೆರಿಕದ ಅಮೆಜಾನ್ ಬಯಲು. ಅಲ್ಲಿ ನಿಧಾನವಾಗಿ ಹರಿಯುವ ನೀರಿನಲ್ಲಿ, ಮುಳುಗಿದ ಮರಗಳ ಬೇರು-ಕೊಂಬೆಗಳ ಸಂದಿಯಲ್ಲಿ ಇವುಗಳ ವಾಸ. 1840ರಲ್ಲಿ ಆಸ್ಟ್ರಿಯಾದ ಹೆಕೆಲ್ ಎಂಬ ವಿಜ್ಞಾನಿ ‘ಸಿಂಫೈಸೊಡಾನ್ ಡಿಸ್ಕಸ್’ ಎಂದು ನಾಮಕರಣ ಮಾಡಿದ.

ಇನ್ನು ಇವುಗಳ ನಖರಾ ಕೇಳಿ! ನೀರು 28ರಿಂದ 30 ಡಿಗ್ರಿ ಬೆಚ್ಚಗಿರಬೇಕು. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ನಾವು ಕಂಬಳಿ ಹೊದ್ದು ನಡುಗುತ್ತಿದ್ದರೆ ಇವಕ್ಕೆ ಹೀಟರ್. ಬೋರ್‌ವೆಲ್‌ನ ಗಡಸು ನೀರು ಒಗ್ಗದು, ಮೆದು ನೀರೇ ಆಗಬೇಕು. ಒಂಟಿಯಾಗಿ ಬಿಟ್ಟರೆ ಹೆದರಿ ಸೊರಗುತ್ತವೆ, ಗುಂಪು ಬೇಕು. ತಿಂದುಳಿದದ್ದು, ಹೇತದ್ದು ಕೊಳೆತರೆ ನೀರು ವಿಷ. ಫಿಲ್ಟರ್ ಇದ್ದರೂ ಎರಡು ದಿನಕ್ಕೊಮ್ಮೆ ನಾನು ಬಕೆಟ್ ಹಿಡಿದು ಮೂರನೇ ಒಂದು ಪಾಲು ನೀರು ಬದಲಿಸಲೇಬೇಕು. “ನೀವು ಸಾಕ್ತಿರೋದು ಮೀನಲ್ಲ ಕಣ್ರೀ, ನೀರು!” ಅಂತ ನನ್ನವಳು ಅಂದದ್ದು ಸುಳ್ಳಲ್ಲ.

ಆ ನೀರೇ ಮುಳುವಾಯಿತು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತೆ. ಒಂದು ದಿನ ತೆರೆದಿಟ್ಟು, ಇಲ್ಲವೇ ಅದಕ್ಕೆಂದೇ ಸಿಗುವ ದ್ರಾವಣ ಹಾಕಿ ಬಳಸಬೇಕು. ಗೊತ್ತಿತ್ತು. ಆದರೂ ಒಂದು ಹಬ್ಬದ ಬೆಳಿಗ್ಗೆ, ನೆಂಟರು ಬರುವ ಅವಸರದಲ್ಲಿ, ನಲ್ಲಿಯಿಂದ ನೇರವಾಗಿ ಸುರಿದುಬಿಟ್ಟೆ! ಹೋಳಿಗೆ ತಿಂದು ಬಂದು ನೋಡಿದರೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿವೆ, ಮೈ ಕಪ್ಪಿಟ್ಟಿದೆ. ಸಂಜೆಗೆ ನಾಲ್ಕು ಹೋದವು. ಮಗಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಉಳಿದವು ಎರಡೇ. ಡಿಸ್ಕಸ್‌ನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ ನೋಡಿ ಹೇಳೋದು ಕಷ್ಟ. ಒಂದು ವರ್ಷದ ಮೇಲೆ ಒಂದು ದಿನ ಎರಡೂ ಸೇರಿ ಬೋರಲು ಹಾಕಿದ್ದ ಮಣ್ಣಿನ ಕುಂಡವನ್ನು ಬಾಯಿಂದ ಉಜ್ಜುತ್ತಿದ್ದವು. ಸಾಯಂಕಾಲಕ್ಕೆ ಅದರ ಮೇಲೆ ಸಾಲು ಸಾಲು ಮೊಟ್ಟೆ! ಜೋಡಿ ಕೂಡಿತ್ತು ಸ್ವಾಮೀ!

ಬೆಳಿಗ್ಗೆ ಎದ್ದು ನೋಡಿದರೆ ಕುಂಡ ಖಾಲಿ. ತಾವೇ ತಿಂದಿದ್ದವು. ಎರಡನೇ ಸಲವೂ ಅದೇ ಕಥೆ. ವಿಲನ್ ಗಂಡೇ ಅಂತ ನಾನು ತೀರ್ಪು ಕೊಟ್ಟೆ. ಮೂರನೇ ಸಲ ಮೊಟ್ಟೆ ಇಟ್ಟಾಗ ಅವನನ್ನು ಬೇರೆ ಮಾಡಲು ಬಲೆ ಕೈಗೆತ್ತಿಕೊಂಡೆ. ನನ್ನವಳು ಕೈ ಹಿಡಿದಳು. “ತಪ್ಪು ಮಾಡಿದ್ರೂ ನಿಮ್ಮನ್ನ ನಾನು ಮನೆಯಿಂದ ಆಚೆ ಹಾಕಿದ್ನಾ? ಇರ್ಲಿ ಬಿಡಿ.”

ಬಿಟ್ಟೆ. ಮೂರನೇ ದಿನ ಮೊಟ್ಟೆ ಒಡೆದವು. ಮತ್ತೆರಡು-ಮೂರು ದಿನಕ್ಕೆ ಸಾಸಿವೆ ಚೂರಿನಂಥ ಮರಿಗಳು ಈಜಿದವು. ಎಲ್ಲಿಗೆ ಗೊತ್ತೇ? ನೇರ ಅಮ್ಮನ ಮೈಗೆ! ಡಿಸ್ಕಸ್ ಮೈಮೇಲೆ ಒಸರುವ ಲೋಳೆಯೇ ಮರಿಗಳ ಮೊದಲ ಆಹಾರ, ಅದೇ ಅವುಗಳ ಹಾಲು. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಮೈ ಕೊಡವಿದಳು. ಮರಿಗಳೆಲ್ಲ ಪಕ್ಕದಲ್ಲಿ ಕಾದಿದ್ದ ಅಪ್ಪನ ಮೈಗೆ ಅಂಟಿಕೊಂಡವು! ನಾನು ಬಲೆ ಹಿಡಿದು ಹೊರಟಿದ್ದೆನಲ್ಲ, ಆ ವಿಲನ್‌ಗೆ! ಅವನೂ ಅಲುಗಾಡದೆ ನಿಂತು ಮೈಯುಣಿಸಿದ. ಮರಿಗಳಾದಾಗ ಈ ಲೋಳೆಯಲ್ಲಿ ಪ್ರೋಟೀನು, ರೋಗನಿರೋಧಕ ಅಂಶ ಎರಡೂ ಹೆಚ್ಚುತ್ತವೆ ಅಂತ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಒಂದೆರಡು ವಾರ ಕಳೆದರೆ ತಂದೆ-ತಾಯಿ ಮೆಲ್ಲಗೆ ದೂರ ಸರಿಯಲು ಶುರುಮಾಡುತ್ತವೆ. ಹಾಲು ಬಿಡಿಸೋದು ಅಂತೀವಲ್ಲ, ಹಾಗೇ!

ಮೂವತ್ತೆಂಟು ಮರಿ ಉಳಿದವು, ಎಣಿಸಿದ್ದು ಮಗಳು. ಗಂಡಿಗೆ ಹೆಸರಿಟ್ಟವಳೂ ಅವಳೇ. ಆ ಹೆಸರು ಏನು ಅಂತ ಮಾತ್ರ ನಾನು ಹೇಳಲ್ಲ, ಮನೆಯಲ್ಲಿ ನನ್ನನ್ನು ಕರೆಯೋದೂ ಅದೇ! ಬರಲೇ? ನಾಳೆಗೆ ಬೇಕಾದ ನೀರು ಇವತ್ತೇ ಹಿಡಿದಿಡಬೇಕು, ನಲ್ಲಿ ಬಿಟ್ಟು ಬಂದಿದ್ದೇನೆ.