ಬೆಂಚಿನ ಮೇಲಿನ ಕಂಚಿನ ಮನುಷ್ಯ

ನ್ಯೂಯಾರ್ಕಿನ ಜುಕೋಟಿ ಪಾರ್ಕಿನಲ್ಲಿ ಸೂಟು ತೊಟ್ಟವನೊಬ್ಬ ಕೂತು, ತೊಡೆಯ ಮೇಲಿನ ಬ್ರೀಫ್‌ಕೇಸಿನೊಳಗೆ ಇಣುಕುತ್ತಿದ್ದಾನೆ. ಮೀಟಿಂಗಿಗೆ ಹೊರಡುವ ಮುನ್ನ ಎಲ್ಲ ಇದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳುವ ಭಂಗಿ. ಪಕ್ಕದಲ್ಲಿ ಕೂತು ಬಗ್ಗಿ ನೋಡಿದರೆ ಒಳಗೆ ಸ್ಟೇಪ್ಲರ್, ಕ್ಯಾಲ್ಕುಲೇಟರ್, ಟೇಪ್ ರೆಕಾರ್ಡರ್ ಕಾಣುತ್ತವೆ. ಎಲ್ಲವೂ ಕಂಚು. ಅವನೂ ಕಂಚೇ.

ಹೆಸರು ‘ಡಬಲ್ ಚೆಕ್’. 1982ರಲ್ಲಿ ಇದನ್ನು ಮಾಡಿದ ಸೀವರ್ಡ್ ಜಾನ್ಸನ್, ಬೇಬಿ ಪೌಡರಿನಿಂದ ನಮ್ಮ ಮನೆಗಳಿಗೂ ಪರಿಚಿತವಾದ ಜಾನ್ಸನ್ ಕುಟುಂಬದವರು. ಬೀದಿಯಲ್ಲಿ ಯಾರೂ ತಿರುಗಿ ನೋಡದ ಸಾಮಾನ್ಯರನ್ನೇ ಆಳೆತ್ತರಕ್ಕೆ ಎರಕ ಹೊಯ್ಸಿ, ಜನರ ನಡುವೆಯೇ ಕೂರಿಸಿದರು. ಕಲಾವಿಮರ್ಶಕರು ಮೂಗು ಮುರಿದರು. ಜನ ಮಾತ್ರ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡರು. ನಮ್ಮ ವೃತ್ತಗಳ ಪ್ರತಿಮೆಗಳಿಗೆ ಎತ್ತರದ ಪೀಠ, ಸುತ್ತ ಬೇಲಿ. ಜಯಂತಿಯ ದಿನ ಏಣಿ ಹತ್ತಿದವರಿಗಷ್ಟೇ ಮುಟ್ಟುವ ಭಾಗ್ಯ. ಇವನಿಗೆ ಪೀಠವೇ ಇಲ್ಲ.

ಪಾರ್ಕಿನ ಎದುರಿಗೇ ಇದ್ದದ್ದು ವರ್ಲ್ಡ್ ಟ್ರೇಡ್ ಸೆಂಟರ್. 2001ರ ಸೆಪ್ಟೆಂಬರ್ 11ರಂದು ಗೋಪುರಗಳು ಕುಸಿದಾಗ ಈ ಮನುಷ್ಯ ಬೂದಿಯಲ್ಲಿ ಮುಳುಗಿದ. ಸುತ್ತ ಕಾಗದದ ಚೂರು, ಅವಶೇಷಗಳ ರಾಶಿ. ಧೂಳಿನಲ್ಲಿ ಬಂದ ರಕ್ಷಣಾ ಸಿಬ್ಬಂದಿ, ಯಾರೋ ದಿಗ್ಭ್ರಮೆಯಿಂದ ಕೂತುಬಿಟ್ಟಿದ್ದಾರೆ ಎಂದುಕೊಂಡು ನೆರವಿಗೆ ಧಾವಿಸಿದರು ಎಂಬ ಸುದ್ದಿ ಆಗ ಹರಡಿತ್ತು. ಆಫೀಸಿಗೆ ಹೋಗಿ ಮರಳದವರೆಲ್ಲರ ಪರವಾಗಿ ಉಳಿದವನು ಇವನೊಬ್ಬನೇ ಎಂಬಂತೆ ಜನ ಅವನ ಮೈಮೇಲೆ, ಕಾಲಬುಡದಲ್ಲಿ ಹೂವು, ಮೇಣದಬತ್ತಿ, ಚೀಟಿಗಳನ್ನು ಇಟ್ಟು ಹೋದರು. ಯಾರೂ ಹೇಳದೆಯೇ ಅದೊಂದು ಸ್ಮಾರಕವಾಯಿತು.

ಜಾನ್ಸನ್ ಮುಂದೆ ಮಾಡಿದ್ದು ಅಪರೂಪದ ಕೆಲಸ. ಜನ ಇಟ್ಟ ಆ ವಸ್ತುಗಳನ್ನೂ ಕಂಚಿನಲ್ಲಿ ಎರಕ ಹೊಯ್ಸಿ, ಇನ್ನೊಂದು ಪ್ರತಿಗೆ ಬೆಸುಗೆ ಹಾಕಿಸಿದರು. ಅದು ಹಡ್ಸನ್ ನದಿಯಾಚೆ ಜೆರ್ಸಿ ಸಿಟಿಯಲ್ಲಿದೆ. ಶಿಲ್ಪಿಯ ಕೈಗಿಂತ ದಾರಿಹೋಕರ ಕೈ ಅದರಲ್ಲಿ ಹೆಚ್ಚು ಕಾಣುತ್ತದೆ. ನೋಡುಗರನ್ನು ಒಳಗೊಳ್ಳುವ ಕಲೆ ಎಂದು ಗ್ಯಾಲರಿಗಳಲ್ಲಿ ಎಷ್ಟೋ ಪ್ರಯೋಗಗಳು ನಡೆದಿವೆ. ಈ ಮಟ್ಟಿಗೆ ಒಳಗೊಂಡದ್ದು ವಿರಳ.

ದಾಳಿಯ ನಂತರ ಅಲ್ಲಿಂದ ತೆಗೆದಿದ್ದ ಮೂಲ ಶಿಲ್ಪ 2006ರಲ್ಲಿ ಪಾರ್ಕಿಗೆ ಮರಳಿತು. ಆರ್ಥಿಕ ಅಸಮಾನತೆಯ ವಿರುದ್ಧದ 2011ರ ಆಕ್ಯುಪೈ ವಾಲ್ ಸ್ಟ್ರೀಟ್ ಚಳವಳಿ ಬೀಡುಬಿಟ್ಟದ್ದೂ ಅದೇ ಪಾರ್ಕಿನಲ್ಲಿ. ವಾಲ್ ಸ್ಟ್ರೀಟಿನ ಈ ಸೂಟುಧಾರಿಯನ್ನೂ ಚಳವಳಿಗಾರರು ಬಿಡದೆ, ವೇಷ ತೊಡಿಸಿ ತಮ್ಮವನನ್ನಾಗಿ ಮಾಡಿಕೊಂಡರು. ಜಾನ್ಸನ್ 2020ರಲ್ಲಿ ತೀರಿಕೊಂಡರು.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವವರು ಲಿಬರ್ಟಿ ಪ್ರತಿಮೆಯ ಜೊತೆ ಇವನಿಗೂ ಹತ್ತು ನಿಮಿಷ ಕೊಡಿ. ಇಲ್ಲಿ ಟಿಕೆಟ್ ಇಲ್ಲ.