ಟಿ.ಬಿ. ಮಾತ್ರೆಯನ್ನು ಅರ್ಧಕ್ಕೇ ಯಾಕೆ ಬಿಡಬಾರದು?



ಈ ಸಲದ ಗೋಡೆ ಪತ್ರಿಕೆಗೆ ಒಂದೊಂದು ವಿಜ್ಞಾನದ ವಿಷಯ ಬರೆದು ತನ್ನಿ ಎಂದು ಮೇಷ್ಟ್ರು ಹೇಳಿದ್ದರು. ಸೌರಮಂಡಲ, ಡೈನೋಸಾರ್, ಮಳೆ ನೀರು ಕೊಯ್ಲು ಎಲ್ಲವನ್ನೂ ಮುಂದಿನ ಬೆಂಚಿನವರು ಮೊದಲೇ ಹಂಚಿಕೊಂಡುಬಿಟ್ಟರು. ನಾನು ಕ್ಷಯ ರೋಗದ ಮಾತ್ರೆಗಳ ಬಗ್ಗೆ ಬರೆಯುತ್ತಿದ್ದೇನೆ. ಯಾಕೆಂದರೆ ಆ ಮಾತ್ರೆಗಳು ನಮ್ಮ ಮನೆಯ ಗೂಡಿನಲ್ಲೇ ಇವೆ. ನನ್ನ ಚಿಕ್ಕಪ್ಪನಿಗೆ ಟಿ.ಬಿ. ಆಗಿದೆ. ಇದನ್ನು ಬರೆಯಲಾ ಎಂದು ಚಿಕ್ಕಪ್ಪನನ್ನೇ ಕೇಳಿದೆ. ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ "ಬರಿ ಮಗ, ಹೆಂಗೂ ಊರಿಗೆಲ್ಲ ಗೊತ್ತಾಗೈತೆ, ಸರಿಯಾಗಾದ್ರೂ ಗೊತ್ತಾಗ್ಲಿ" ಅಂದರು. ಆದ್ದರಿಂದ ಬರೆಯುತ್ತಿದ್ದೇನೆ.

ಕ್ಷಯವು ಒಂದು ಸಾಂಕ್ರಾಮಿಕ ರೋಗವಾಗಿದೆ. ಇದನ್ನು ಹಳಬರು ರಾಜಯಕ್ಷ್ಮ ಎನ್ನುತ್ತಿದ್ದರು. ಇದು ಒಂದು ಬ್ಯಾಕ್ಟೀರಿಯಾದಿಂದ ಬರುತ್ತದೆ. ಜರ್ಮನಿಯ ರಾಬರ್ಟ್ ಕಾಕ್ ಎಂಬ ವಿಜ್ಞಾನಿ 1882ರ ಮಾರ್ಚ್ 24ರಂದು ಈ ರೋಗಾಣುವನ್ನು ಕಂಡುಹಿಡಿದೆ ಎಂದು ಸಭೆಯಲ್ಲಿ ತಿಳಿಸಿದರು. ಅದಕ್ಕೇ ಮಾರ್ಚ್ 24 ವಿಶ್ವ ಕ್ಷಯರೋಗ ದಿನ. ರೋಗ ಇರುವವರು ಕೆಮ್ಮಿದಾಗ ರೋಗಾಣು ಗಾಳಿಗೆ ಬರುತ್ತದೆ, ಆ ಗಾಳಿಯನ್ನು ಉಸಿರಾಡಿದವರ ಶ್ವಾಸಕೋಶಕ್ಕೆ ಹೋಗುತ್ತದೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಾಯಂಕಾಲದ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕೆಲವರಿಗೆ ಕಫದಲ್ಲಿ ರಕ್ತ, ಇವು ಇದರ ಲಕ್ಷಣಗಳು.

ನಮ್ಮ ಚಿಕ್ಕಪ್ಪ ಆಲೆಮನೆಯಲ್ಲಿ ಕೆಲಸ ಮಾಡುತ್ತಾರೆ. ಕೆಮ್ಮು ಬಂದಾಗ ಕೊಪ್ಪರಿಗೆ ಹೊಗೆಗೆ ಬಂದಿದೆ ಅಂತ ಎಲ್ಲರೂ ಅಂದುಕೊಂಡರು. ಮೆಡಿಕಲ್ ಸ್ಟೋರಿನಲ್ಲಿ ಕೆಮ್ಮಿನ ಸಿರಪ್ಪು ತಂದು ತಂದು ಕುಡಿದರು. ಮೂರು ಬಾಟಲಿ ಆಯಿತು. 2024ರ ಯುಗಾದಿ ಹಬ್ಬಕ್ಕೆ ಹೊಸ ಅಂಗಿ ಹಾಕಿಕೊಂಡಾಗ ಅದು ಮೊಳೆಗೆ ನೇತುಹಾಕಿದ ಹಾಗೆ ಕಾಣುತ್ತಿತ್ತು. ಆಮೇಲೆ ಅಪ್ಪ ಬಲವಂತ ಮಾಡಿ ಪಟ್ಣದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಫ ಪರೀಕ್ಷೆ ಮಾಡಿ ಟಿ.ಬಿ. ಅಂದರು. ತೂಕ 42 ಕೆ.ಜಿ. ಇತ್ತು. ಮಾತ್ರೆಯನ್ನು ಅಲ್ಲೇ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ದಿನಾ ಮೂರು ಮಾತ್ರೆ, ಆರು ತಿಂಗಳು, ಒಂದು ದಿನವೂ ಬಿಡಬಾರದು ಎಂದು ಹೇಳಿ ಕಳಿಸಿದರು.

ಒಂದು ತಿಂಗಳಿಗೇ ಕೆಮ್ಮು ಹೋಯಿತು. ಎರಡು ತಿಂಗಳಿಗೆ ಮುದ್ದೆ ಎರಡೆರಡು ಉಣ್ಣುವುದಕ್ಕೆ ಶುರು ಮಾಡಿದರು. ಎರಡೂವರೆ ತಿಂಗಳಿಗೆ "ಸಂದಾಗ್ ಆಗ್ಬುಟ್ಟಿವ್ನಿ, ಇನ್ನೇನ್ ಮಾತ್ರೆ, ಹೊಟ್ಟೆ ಉರೀತದೆ" ಅಂತ ಹೇಳಿ ನಿಲ್ಲಿಸಿಬಿಟ್ಟರು. ಆಶಾ ಅಕ್ಕ ಬಂದು ಕೇಳಿದರೆ "ತಗೊಂಡೆ ಕಣಮ್ಮ" ಅನ್ನುತ್ತಿದ್ದರು. ತಗೊಂಡಿರಲಿಲ್ಲ. ನನಗೆ ಗೊತ್ತಿತ್ತು. ಮಾತ್ರೆಗಳು ರಾಗಿ ಮೂಟೆ ಹಿಂದೆ ಇದ್ದವು. ನಾನು ಹೇಳಲಿಲ್ಲ, ದೊಡ್ಡವರ ವಿಷಯ ಅಂತ ಸುಮ್ಮನಿದ್ದೆ. ಈಗಲೂ ಅದನ್ನು ನೆನೆಸಿಕೊಂಡರೆ ಬೇಜಾರಾಗುತ್ತದೆ.

ಸಂಕ್ರಾಂತಿ ಹೊತ್ತಿಗೆ ಕೆಮ್ಮು ಮತ್ತೆ ಬಂತು. ಈ ಸಲ ಕಫದಲ್ಲಿ ರಕ್ತವೂ ಬಂತು. ಅವ್ವ ಅಳುವುದಕ್ಕೆ ಶುರು ಮಾಡಿದಳು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೆಮ್ಮು ಹೋದ ಮೇಲೂ ಮಾತ್ರೆ ಯಾಕೆ ಬೇಕು? ಇದನ್ನು ನಾನು ಡಾಕ್ಟರನ್ನೇ ಕೇಳಿದೆ. ಅವರು ಬೈಯದೆ ಹೇಳಿದರು. ಬೇರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೆ ಒಂದು ಎರಡಾಗುತ್ತವೆ. ಕ್ಷಯದ ರೋಗಾಣು ಒಂದು ಎರಡಾಗಲು ಸುಮಾರು 20 ಗಂಟೆ ಬೇಕು. ಬಹಳ ನಿಧಾನ. ಮಾತ್ರೆಗಳು ಬೆಳೆಯುತ್ತಿರುವ ರೋಗಾಣುಗಳನ್ನು ಬೇಗ ಕೊಲ್ಲುತ್ತವೆ. ಆದರೆ ಕೆಲವು ರೋಗಾಣು ಬೆಳೆಯದೆ ಶ್ವಾಸಕೋಶದೊಳಗೆ ನಿದ್ದೆ ಮಾಡುವ ಹಾಗೆ ಸುಮ್ಮನೆ ಬಿದ್ದಿರುತ್ತವೆ. ಅವು ಸಾಯುವುದಕ್ಕೆ ತಿಂಗಳುಗಟ್ಟಲೆ ಬೇಕು. ನಮ್ಮ ಕಬ್ಬಿನ ಗದ್ದೆಯಲ್ಲಿ ಗರಿಕೆ ಕೊಯ್ದರೆ ಎಂಟು ದಿನ ನೆಲ ಸ್ವಚ್ಛವಾಗಿ ಕಾಣುತ್ತದೆ. ಬೇರು ಒಳಗೇ ಇರುತ್ತದೆ. ನೀರು ಬಿಟ್ಟರೆ ಮತ್ತೆ ಮೇಲೆ ಬರುತ್ತದೆ. ಚಿಕ್ಕಪ್ಪನಿಗೆ ನಾನು ಹೀಗೆ ಹೇಳಿದಾಗ "ಅದು ನಂಗೆ ಗೊತ್ತಿಲ್ವೇನೇ, ಗರಿಕೆ ಕಿತ್ತು ಕಿತ್ತು ಕೈ ಸವೆದೈತೆ" ಅಂದರು. ಆದರೆ ಆಮೇಲೆ ಯೋಚನೆ ಮಾಡುತ್ತಾ ಕೂತಿದ್ದರು.

ಇನ್ನೊಂದು ಅಪಾಯವೂ ಇದೆ, ಅದು ಇದಕ್ಕಿಂತ ದೊಡ್ಡದು. ಮಾತ್ರೆಯನ್ನು ಬಿಟ್ಟು ಬಿಟ್ಟು ತೆಗೆದುಕೊಂಡರೆ ಗಟ್ಟಿ ರೋಗಾಣುಗಳು ಮಾತ್ರ ಉಳಿದುಕೊಂಡು ಅವೇ ಬೆಳೆಯುತ್ತವೆ. ಆಮೇಲೆ ಆ ಮಾತ್ರೆಗೆ ಅವು ಜಗ್ಗುವುದಿಲ್ಲ. ಇದಕ್ಕೆ ಔಷಧ ನಿರೋಧಕ ಟಿ.ಬಿ. ಎಂದು ಹೆಸರು. ಅದು ಬೇರೆಯವರಿಗೆ ಅಂಟಿದರೆ ಅವರಿಗೂ ನಿರೋಧಕ ಟಿ.ಬಿ.ಯೇ ಬರುತ್ತದೆ. ಅವರು ಒಂದು ಮಾತ್ರೆಯನ್ನೂ ಬಿಟ್ಟಿರುವುದಿಲ್ಲ, ಆದರೂ! ಮೊದಲೆಲ್ಲ ಇದಕ್ಕೆ ಒಂದೂವರೆ ಎರಡು ವರ್ಷ ಚಿಕಿತ್ಸೆ, ತಿಂಗಳುಗಟ್ಟಲೆ ಸೂಜಿ. ಆ ಸೂಜಿಯಿಂದ ಕೆಲವರಿಗೆ ಕಿವಿ ಕೇಳಿಸದ ಹಾಗೆ ಆಗುತ್ತಿತ್ತು. ಈಗ ನುಂಗುವ ಹೊಸ ಔಷಧಿಗಳು ಬಂದಿವೆ. 2024ರಲ್ಲಿ ಆರು ತಿಂಗಳ ಹೊಸ ಚಿಕಿತ್ಸೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಆದರೂ ಆ ಔಷಧಿಗಳು ಸಾಮಾನ್ಯ ಮಾತ್ರೆಗಿಂತ ಕಠಿಣ.

ಚಿಕ್ಕಪ್ಪನ ಕಫವನ್ನು ಎರಡನೇ ಸಲ ಒಂದು ಯಂತ್ರದಲ್ಲಿ ಹಾಕಿದರು. ರೋಗಾಣು ಇದೆಯೋ ಇಲ್ಲವೋ ಎಂಬುದರ ಜೊತೆಗೆ ರಿಫಾಂಪಿಸಿನ್ ಎಂಬ ಔಷಧಿಗೆ ಅದು ಜಗ್ಗುತ್ತದೋ ಇಲ್ಲವೋ ಎಂದೂ ಆ ಯಂತ್ರ ಹೇಳುತ್ತದೆ. ರಿಪೋರ್ಟ್ ಬರುವ ತನಕ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಜಗ್ಗುತ್ತದೆ ಎಂದು ಬಂತು. ಅವ್ವ ದೇವರಿಗೆ ಕಾಯಿ ಒಡೆದಳು. ಆದರೆ ಮೊದಲು ತೆಗೆದುಕೊಂಡ ಎರಡೂವರೆ ತಿಂಗಳು ಲೆಕ್ಕಕ್ಕೆ ಇಲ್ಲ. ಫೆಬ್ರವರಿಯಿಂದ ಮತ್ತೆ ಒಂದರಿಂದ ಶುರು.

ಹಿಂದಿನ ಕಾಲದಲ್ಲಿ ಈ ರೋಗಕ್ಕೆ ಔಷಧಿಯೇ ಇರಲಿಲ್ಲ. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ಪಿ.ಕೆ.ಟಿ.ಬಿ. ಆಸ್ಪತ್ರೆ ಎಂದು ಇದೆ. ಪಿ.ಕೆ. ಎಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ. ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ. ಕನ್ನಂಬಾಡಿ ಕಟ್ಟೆ ಕಟ್ಟಿಸಿದ ಮಹಾರಾಜರ ಮನೆಯವರೇ ಕ್ಷಯದಿಂದ ತೀರಿಹೋದರು! ಆಗ ಒಳ್ಳೆ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ ಇಷ್ಟೇ ಚಿಕಿತ್ಸೆ. 1943ರಲ್ಲಿ ಅಮೆರಿಕದಲ್ಲಿ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಕಂಡುಹಿಡಿದರು. ಅದೊಂದನ್ನೇ ಕೊಟ್ಟಾಗ ರೋಗಿಗಳು ಮೊದಲು ಚೇತರಿಸಿಕೊಂಡರು, ಆಮೇಲೆ ಬಹಳ ಜನರಲ್ಲಿ ರೋಗಾಣು ಗಟ್ಟಿಯಾಗಿ ರೋಗ ಮತ್ತೆ ಬಂತು. ಆವಾಗ ವಿಜ್ಞಾನಿಗಳಿಗೆ ತಿಳಿಯಿತು, ಒಂದೇ ಔಷಧಿ ಸಾಲದು ಎಂದು. ಒಂದರಿಂದ ತಪ್ಪಿಸಿಕೊಂಡ ರೋಗಾಣುವನ್ನು ಇನ್ನೊಂದು ಹಿಡಿಯಬೇಕು.

ಈಗ ಮೊದಲ ಎರಡು ತಿಂಗಳು ನಾಲ್ಕು ಔಷಧಿ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್. (ಈ ಹೆಸರುಗಳನ್ನು ಮೂರು ಸಲ ತಪ್ಪು ಬರೆದು ಅಳಿಸಿದ್ದೇನೆ, ಹಾಳೆ ತೂತಾಗಿದ್ದರೆ ಕ್ಷಮಿಸಿ.) ನಾಲ್ಕೂ ಸೇರಿ ಒಂದೇ ಮಾತ್ರೆಯಲ್ಲಿ ಇರುತ್ತವೆ. ಆಮೇಲಿನ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು. ದಿನಕ್ಕೆ ಎಷ್ಟು ಮಾತ್ರೆ ಎಂಬುದು ತೂಕ ನೋಡಿ ನಿರ್ಧಾರ ಆಗುತ್ತದೆ. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡಬಾರದು. ನಮ್ಮ ಬೀದಿಯ ಒಬ್ಬ ತಾತ "ನಂಗೂ ಕೆಮ್ಮು ಕಣಪ್ಪ, ಎರಡು ಗುಳಿಗೆ ಕೊಡು" ಅಂತ ಚಿಕ್ಕಪ್ಪನನ್ನು ಕೇಳಿದರು. ಚಿಕ್ಕಪ್ಪ ಕೊಡುವುದಕ್ಕೆ ಹೋಗಿದ್ದರು, ಪಾಪ, ದಾನ ಅಂತ! ಚಿಕ್ಕವ್ವ ಕೈಯಿಂದ ಕಿತ್ತುಕೊಂಡು ತಾತನಿಗೆ ಕಫ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದರು.

ಮಾತ್ರೆ ತೆಗೆದುಕೊಂಡ ಮೊದಲ ದಿನವೇ ಚಿಕ್ಕಪ್ಪ ಹೆದರಿಕೊಂಡು ಹಿತ್ತಲಿನಿಂದ ಓಡಿ ಬಂದಿದ್ದರು. ಮೂತ್ರ ಕಿತ್ತಳೆ ಬಣ್ಣಕ್ಕೆ ಬಂದಿತ್ತು, ರಕ್ತ ಅಂದುಕೊಂಡರು. ಅದು ರಿಫಾಂಪಿಸಿನ್ ಬಣ್ಣ. ಬೆವರು, ಕಣ್ಣೀರು ಕೂಡ ಸ್ವಲ್ಪ ಕಿತ್ತಳೆ ಆಗಬಹುದು. ಇದಕ್ಕೆ ಹೆದರಬಾರದು, ಮಾತ್ರೆ ನಿಲ್ಲಿಸಬಾರದು. ಆದರೆ ಹೆದರಬೇಕಾದ ಗುರುತುಗಳು ಬೇರೆ ಇವೆ. ಕಣ್ಣು ಹಳದಿ ಆದರೆ, ಊಟ ಸೇರದೆ ವಾಂತಿ ಮೇಲೆ ವಾಂತಿ ಆದರೆ, ಹೊಟ್ಟೆಯ ಬಲಭಾಗ ನೋಯುತ್ತಿದ್ದರೆ, ಮಾತ್ರೆಯಿಂದ ಯಕೃತ್ತಿಗೆ ತೊಂದರೆ ಆಗಿರಬಹುದು. ಕೂಡಲೇ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ನಾಳೆ ನೋಡೋಣ ಅನ್ನಬಾರದು. ಹೆಂಡ ಸಾರಾಯಿ ಕುಡಿದರೆ ಯಕೃತ್ತಿಗೆ ಇನ್ನೂ ಅಪಾಯ. ಈ ವಿಷಯದಲ್ಲಿ ನಮ್ಮ ಮನೆಯ ಉದಾಹರಣೆ ಬರೆಯಬೇಡ ಎಂದು ಚಿಕ್ಕಪ್ಪ ಹೇಳಿದ್ದಾರೆ, ಆದ್ದರಿಂದ ಬರೆಯುವುದಿಲ್ಲ.

ಐಸೋನಿಯಾಜಿಡ್‌ನಿಂದ ಕೈಕಾಲು ಜುಮುಜುಮು ಅನ್ನಬಹುದು, ಅದಕ್ಕೆ ಬಿ6 ಎಂಬ ವಿಟಮಿನ್ ಮಾತ್ರೆ ಕೊಡುತ್ತಾರೆ. ಪೈರಜಿನಮೈಡ್‌ನಿಂದ ಕೀಲು ನೋವು ಬರಬಹುದು. ಎಥಾಂಬುಟಾಲ್‌ನಿಂದ ಅಪರೂಪಕ್ಕೆ ಕಣ್ಣು ಮಂಜಾಗುತ್ತದೆ, ಕೆಂಪು ಹಸಿರು ಗುರುತು ಸಿಗುವುದಿಲ್ಲ. ಹಾಗಾದರೆ ಬೇಗ ತಿಳಿಸಬೇಕು. ನಾನು ಪ್ರತಿ ಭಾನುವಾರ ಚಿಕ್ಕಪ್ಪನಿಗೆ ಕೆಂಪು, ಹಸಿರು ಸ್ಕೆಚ್ ಪೆನ್ ತೋರಿಸಿ ಬಣ್ಣ ಕೇಳುತ್ತೇನೆ. ಇದು ಡಾಕ್ಟರು ಹೇಳಿದ್ದಲ್ಲ, ನಾನೇ ಮಾಡಿಕೊಂಡಿದ್ದು. ಒಂದು ಸಲ ಬೇಕೂ ಅಂತ ಕೆಂಪಿಗೆ ಹಸಿರು ಅಂದುಬಿಟ್ಟರು. ಅಪ್ಪ ಬೈಕ್ ತೆಗೆದೇ ಬಿಟ್ಟಿದ್ದರು, ಆಮೇಲೆ ನಕ್ಕರು. ಚಿಕ್ಕವ್ವ ಅವತ್ತು ಚಿಕ್ಕಪ್ಪನನ್ನು ಮಾತಾಡಿಸಲಿಲ್ಲ.

ಚಿಕ್ಕಪ್ಪ ಬೆಳಿಗ್ಗೆ ಎದ್ದು ಮುಖ ತೊಳೆದು ಖಾಲಿ ಹೊಟ್ಟೆಯಲ್ಲಿ ಮೂರೂ ಮಾತ್ರೆ ಒಟ್ಟಿಗೆ ನುಂಗುತ್ತಾರೆ. ಖಾಲಿ ಹೊಟ್ಟೆಯಲ್ಲಿ ಔಷಧಿ ಚೆನ್ನಾಗಿ ಹಿಡಿಯುತ್ತದೆ. ಹೊಟ್ಟೆ ತೊಳಸುವವರು ಡಾಕ್ಟರನ್ನು ಕೇಳಿ ಸ್ವಲ್ಪ ತಿಂದು ತೆಗೆದುಕೊಳ್ಳಬಹುದು, ಬಿಡುವುದಕ್ಕಿಂತ ಅದು ಎಷ್ಟೋ ಮೇಲು. ಮೊದಲ ಸಲ ಹೊಟ್ಟೆ ಉರಿಗೆ ಅಂತ ಚಿಕ್ಕಪ್ಪ ಅಂಗಡಿಯಿಂದ ಗ್ಯಾಸಿನ ಔಷಧಿ ತಂದು ಮಾತ್ರೆ ಜೊತೆಗೇ ಕುಡಿಯುತ್ತಿದ್ದರು. ಅದರಿಂದ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲವಂತೆ. ಸಕ್ಕರೆ ಕಾಯಿಲೆ, ಮೂರ್ಛೆ ರೋಗಕ್ಕೆ ಔಷಧಿ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು, ಯಾಕೆಂದರೆ ರಿಫಾಂಪಿಸಿನ್ ಬೇರೆ ಔಷಧಿಗಳ ಶಕ್ತಿ ಕಡಿಮೆ ಮಾಡುತ್ತದೆ. ಬೆಳಿಗ್ಗೆ ಮರೆತರೆ ಅವತ್ತೇ ನೆನಪಾದಾಗ ತೆಗೆದುಕೊಳ್ಳಬೇಕು. ನಿನ್ನೆಯದು ಇವತ್ತಿನದು ಸೇರಿಸಿ ಆರು ಮಾತ್ರೆ ನುಂಗಬಾರದು.

ಅಜ್ಜಿ ಮೊದಲು "ಅವ್ನಿಗೆ ಬ್ಯಾರೆ ತಟ್ಟೆ ಮಡುಗು, ಆಲೆಮನೇಲೇ ಮಲಗ್ಲಿ" ಅಂದಿತ್ತು. ತಟ್ಟೆ ಲೋಟದಿಂದ ಟಿ.ಬಿ. ಬರುವುದಿಲ್ಲ. ಸರಿಯಾಗಿ ಮಾತ್ರೆ ಶುರು ಮಾಡಿದ ಕೆಲವು ವಾರದಲ್ಲೇ ಬೇರೆಯವರಿಗೆ ಹರಡುವುದು ಬಹಳ ಕಡಿಮೆ ಆಗುತ್ತದೆ. ಅಲ್ಲಿಯ ತನಕ ಬಾಯಿಗೆ ಬಟ್ಟೆ, ಕಿಟಕಿ ತೆಗೆದಿಡುವುದು ಸಾಕು. 1956ರಲ್ಲಿ ಮದ್ರಾಸಿನಲ್ಲಿ ಒಂದು ದೊಡ್ಡ ಅಧ್ಯಯನ ಶುರು ಮಾಡಿದರು. ಕೆಲವು ರೋಗಿಗಳನ್ನು ಆಸ್ಪತ್ರೆಯಲ್ಲಿ ಮಲಗಿಸಿದರು, ಕೆಲವರಿಗೆ ಮನೆಯಲ್ಲೇ ಮಾತ್ರೆ ಕೊಟ್ಟರು. ಮನೆಯವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ವಾಸಿಯಾದರು, ಅವರ ಮನೆಮಂದಿಗೆ ಅದರಿಂದ ಹೆಚ್ಚು ರೋಗ ಬರಲಿಲ್ಲ. ಬಡವರ ಮನೆಗಳಲ್ಲೇ ಇದು ನಡೆದದ್ದು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಇದನ್ನೆಲ್ಲ ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಮದ್ರಾಸನ್ನು ನಂಬಲಿಲ್ಲ. ಆದರೆ ಆಶಾ ಅಕ್ಕ ನಮ್ಮ ಮನೆಯಲ್ಲಿ ಚಿಕ್ಕಪ್ಪನ ಪಕ್ಕ ಕೂತು ಟೀ ಕುಡಿದ ಮೇಲೆ ಬೇರೆ ತಟ್ಟೆಯ ಮಾತು ನಿಂತಿತು. ಹೋದ ವರ್ಷ ಕಿರಂಗೂರು ಬನ್ನಿಮಂಟಪದಲ್ಲಿ ದಸರಾ ಮೆರವಣಿಗೆ ಹೊರಡುವಾಗ ಜನರು ದೂರ ಸರಿಯುತ್ತಾರೆ ಅಂತ ಚಿಕ್ಕಪ್ಪ ಮನೆಯಲ್ಲೇ ಇದ್ದರು. ಈ ವರ್ಷ ಹೋಗುತ್ತಾರಂತೆ.

ನನಗೂ ತಂಗಿಗೂ ಎಕ್ಸ್‌ರೇ ತೆಗೆದರು. ರೋಗ ಇಲ್ಲ ಎಂದು ಬಂತು. ಆದರೂ ಮುಂದೆ ಬರದಿರಲಿ ಎಂದು ವಾರಕ್ಕೆ ಒಂದು ದಿನದಂತೆ 12 ವಾರ ಮಾತ್ರೆ ಕೊಟ್ಟರು. ನಾನು 12 ವಾರವೂ ತೆಗೆದುಕೊಂಡೆ. ತಂಗಿ ಬೆಲ್ಲ ಕೊಟ್ಟರೆ ಮಾತ್ರ ನುಂಗುತ್ತಿದ್ದಳು. ಊಟಕ್ಕೆಂದು ಸರ್ಕಾರ ಚಿಕಿತ್ಸೆ ಮುಗಿಯುವ ತನಕ ತಿಂಗಳಿಗೆ 1000 ರೂಪಾಯಿ ಚಿಕ್ಕಪ್ಪನ ಬ್ಯಾಂಕ್ ಖಾತೆಗೆ ಹಾಕುತ್ತದೆ, 2024ರ ನವೆಂಬರಿಗೆ ಮೊದಲು ಇದು 500 ಇತ್ತು. ಚಿಕ್ಕವ್ವ ಅದರಲ್ಲಿ ಮೊಟ್ಟೆ, ಕಡ್ಲೆಕಾಯಿ ತರುತ್ತಾರೆ.

ಎರಡನೇ ಸಲ ಶುರುವಾದಾಗ ನಾನು ಡ್ರಾಯಿಂಗ್ ಶೀಟಿನಲ್ಲಿ 168 ಮನೆ ಗೀಚಿದೆ. ಮೊದಲ ಭಾಗಕ್ಕೆ 56, ಎರಡನೇ ಭಾಗಕ್ಕೆ 112. ಅಡ್ಡಕ್ಕೆ 14, ಉದ್ದಕ್ಕೆ 12, ಲೆಕ್ಕ ಸರಿ ಇದೆಯಾ ನೀವೂ ಗುಣಿಸಿ ನೋಡಿ. ಮಾತ್ರೆ ನುಂಗಿದ್ದನ್ನು ಕಣ್ಣಾರೆ ನೋಡಿದ ಮೇಲೆ ಒಂದು ಮನೆಗೆ ಬಣ್ಣ ಹಚ್ಚುತ್ತೇನೆ, ಬಾಯಿ ತೆಗೆಸಿಯೂ ನೋಡುತ್ತೇನೆ. ನಾನು ಇದನ್ನು ಬರೆಯುವ ದಿನಕ್ಕೆ 131 ಮನೆ ತುಂಬಿದೆ, 37 ಉಳಿದಿದೆ. ಅದು ಮುಗಿದ ಮೇಲೆ ಮತ್ತೆ ಕಫ ಕೊಡಬೇಕು. ಆಮೇಲೆ ಎರಡು ವರ್ಷದ ತನಕ ಆರಾರು ತಿಂಗಳಿಗೆ ಒಂದು ಸಲ ಹೋಗಿ ತೋರಿಸಿಕೊಂಡು ಬರಬೇಕು. ಅದಕ್ಕೆ ನಾಲ್ಕು ಮನೆ ಬೇರೆಯಾಗಿ ಶೀಟಿನ ಕೆಳಗೆ ಗೀಚಿ ಇಟ್ಟಿದ್ದೇನೆ.