ತಗ್ಗುನಾಡಿನ ಕ್ರಿಕೆಟ್ಟು

1881ನೆಯ ಇಸವಿಯಲ್ಲಿ ಇಂಗ್ಲೆಂಡಿನ ಅಕ್ಸ್‌ಬ್ರಿಜ್ ಎಂಬ ಊರಿನ ಕ್ರಿಕೆಟ್ ಸಂಘವೊಂದು ಉತ್ತರ ಸಮುದ್ರವನ್ನು ದಾಟಿ ನೆದರ್ಲೆಂಡ್ಸ್ ದೇಶಕ್ಕೆ ಆಡಬಂದಾಗ, ಅದನ್ನು ಎದುರಿಸಲು ಡಚ್ಚರು ಅಣಿಮಾಡಿದ ತಂಡದಲ್ಲಿದ್ದವರು ಹನ್ನೊಂದು ಮಂದಿಯಲ್ಲ, ಇಪ್ಪತ್ತೆರಡು ಮಂದಿ. ಅಷ್ಟು ಜನ ಸೇರಿ ಆಡಿದರೂ ಸೋಲು ತಪ್ಪಲಿಲ್ಲ. ದುರ್ಬಲವಾದ ಪಕ್ಷಕ್ಕೆ ಹೆಚ್ಚು ಆಟಗಾರರನ್ನು ಕೊಟ್ಟು ಬಲವನ್ನು ಸರಿದೂಗಿಸುವ ಪದ್ಧತಿ ಆ ಕಾಲದಲ್ಲಿ ರೂಢಿಯಲ್ಲಿದ್ದುದರಿಂದ ಅದರಲ್ಲಿ ಅವಮಾನವೆಂಬುದೇನೂ ಇರಲಿಲ್ಲ. ಡಚ್ ರಾಷ್ಟ್ರೀಯ ತಂಡದ ಚರಿತ್ರೆ ತೊಡಗುವುದು ಆ ಪಂದ್ಯದಿಂದಲೇ. ಭಾರತವು ತನ್ನ ಮೊದಲನೆಯ ಟೆಸ್ಟ್ ಪಂದ್ಯವನ್ನಾಡಿದ್ದು 1932ರಲ್ಲಿ. ಅದಕ್ಕೂ ಅರ್ಧ ಶತಮಾನದ ಹಿಂದೆಯೇ ತನ್ನ ದೇಶದ ಹೆಸರಿನಲ್ಲಿ ಬ್ಯಾಟು ಹಿಡಿದು ನಿಂತ ಒಂದು ಜನಸಮುದಾಯವನ್ನು, ವಿಶ್ವಕಪ್ಪಿನ ಋತು ಬಂದಾಗಲೆಲ್ಲ ಯಾರೋ ಹೊಸಬರೆಂಬಂತೆ ನಾವು ಕುತೂಹಲದಿಂದ ನೋಡುವುದು ನ್ಯಾಯವಲ್ಲವೆಂದು ನನಗೆ ತೋರುತ್ತದೆ.

ನೆದರ್ಲೆಂಡ್ಸ್ ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತಲೂ ಚಿಕ್ಕದಾದ ನಾಡು. ಅದರಲ್ಲಿಯೂ ಸುಮಾರು ಕಾಲು ಭಾಗದ ನೆಲ ಸಮುದ್ರದ ಮಟ್ಟಕ್ಕಿಂತ ಕೆಳಗಿದ್ದು, ಒಡ್ಡುಗಳನ್ನು ಕಟ್ಟಿ ನೀರನ್ನು ಹೊರಗೆ ಚೆಲ್ಲಿ ಉಳಿಸಿಕೊಂಡದ್ದು. ಇಂಥ ನಾಡಿಗೆ ಕ್ರಿಕೆಟ್ಟು ಬಂದದ್ದು ಆಳ್ವಿಕೆಯ ದಾರಿಯಿಂದಲ್ಲ. ನಮ್ಮಲ್ಲಿ ದಂಡಿನ ಮೈದಾನಗಳಿಂದಲೂ ದೊರೆತನದ ಕೂಟಗಳಿಂದಲೂ ಆಟ ಊರೊಳಗೆ ಇಳಿಯಿತು. ಡಚ್ಚರ ಮೇಲೆ ಆಂಗ್ಲೇಯರ ಪ್ರಭುತ್ವವೇ ಇರಲಿಲ್ಲವಾದ್ದರಿಂದ, ಅಲ್ಲಿ ಅದು ಶಾಲೆಗಳ ಮೂಲಕ, ವರ್ತಕರ ಹಾಗೂ ವಿದ್ಯಾರ್ಥಿಗಳ ಸ್ನೇಹದ ಮೂಲಕ, ಕೇವಲ ಇಷ್ಟವೊಂದರಿಂದಲೇ ಬೇರೂರಿತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ನೂರ್ಥೈ ಎಂಬ ವಸತಿಶಾಲೆಯ ಹುಡುಗರು ಆಡುತ್ತಿದ್ದರು. 1875ರಲ್ಲಿ ಡೆವೆಂಟರ್ ಪಟ್ಟಣದಲ್ಲಿ ‘ಉಟಿಲೆ ಡುಲ್ಸಿ’ ಎಂಬ ಸಂಘ ಹುಟ್ಟಿತು. ಮೂರು ವರ್ಷಗಳ ಬಳಿಕ ಹೇಗ್ ನಗರದಲ್ಲಿ ಇನ್ನೊಂದು. 1883ರಲ್ಲಿ ಈ ಸಂಘಗಳೆಲ್ಲ ಕೂಡಿ ರಾಷ್ಟ್ರೀಯ ಕ್ರಿಕೆಟ್ ಒಕ್ಕೂಟವನ್ನು ಸ್ಥಾಪಿಸಿಕೊಂಡವು. ಮುಂದೆ 1958ರಲ್ಲಿ ಅದಕ್ಕೆ ‘ರಾಜಮಾನ್ಯ’ ಎಂಬ ಬಿರುದು ಕೂಡಿಕೊಂಡಿತು.

ಆ ಆರಂಭದ ದಶಕಗಳಲ್ಲಿ ಕ್ರಿಕೆಟ್ಟೇ ಹಿರಿಯಣ್ಣ, ಫುಟ್‌ಬಾಲು ಅದರ ಹಿಂದೆ ಬಂದ ತಮ್ಮ. ಇಂದು ಯೂರೋಪಿನಲ್ಲಿ ಪ್ರಸಿದ್ಧವಾಗಿರುವ ರಾಟರ್‌ಡ್ಯಾಮಿನ ಸ್ಪಾರ್ಟಾ ಎಂಬ ಫುಟ್‌ಬಾಲ್ ಸಂಸ್ಥೆ 1888ರಲ್ಲಿ ಜನಿಸಿದ್ದು ಕ್ರಿಕೆಟ್ ಸಂಘವಾಗಿ. ಬೇಸಿಗೆಯಲ್ಲಿ ಬ್ಯಾಟು, ಚಳಿಗಾಲದಲ್ಲಿ ಕಾಲ್ಚೆಂಡು, ಎರಡಕ್ಕೂ ಒಂದೇ ಮೈದಾನ, ಒಂದೇ ಸದಸ್ಯರ ಪಟ್ಟಿ ಎಂಬ ವ್ಯವಸ್ಥೆಯಲ್ಲಿ ಎರಡು ಆಟಗಳೂ ಕೆಲಕಾಲ ಕೂಡಿಯೇ ಬಾಳಿದವು. ಆದರೆ ಕಾಲ್ಚೆಂಡಿಗೆ ಬೇಕಾದದ್ದು ಒಂದು ಚೆಂಡು ಮತ್ತು ಒಂದೂವರೆ ಗಂಟೆಯ ಬಿಡುವು. ಕ್ರಿಕೆಟ್ಟಿಗಾದರೋ ಇಡಿಯ ದಿನದ ವಿರಾಮವೂ ಬೆಲೆಯುಳ್ಳ ಸಲಕರಣೆಯೂ ಬೇಕು. ಕೈಕೆಲಸದ ಜನ ಆಟದ ಬಯಲಿಗೆ ಇಳಿದ ಮೇಲೆ ಅವರು ಯಾವುದನ್ನು ಆರಿಸಿಕೊಂಡರೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕ್ರಿಕೆಟ್ಟು ಹೇಗ್, ಹಾರ್ಲೆಮ್, ಡೆವೆಂಟರ್, ರಾಟರ್‌ಡ್ಯಾಮ್, ಆಮ್‌ಸ್ಟರ್‌ಡ್ಯಾಮ್ ಮೊದಲಾದ ಊರುಗಳ ಕೆಲವು ಸಂಘಗಳಲ್ಲಿ, ಆ ಸಂಘಗಳ ಕೆಲವು ಮನೆತನಗಳಲ್ಲಿ ನಿಂತುಕೊಂಡಿತು. 1900ರ ಪ್ಯಾರಿಸ್ ಒಲಿಂಪಿಕ್ ಕೂಟದಲ್ಲಿ ಕ್ರಿಕೆಟ್ಟಿಗೆ ಸ್ಥಾನ ದೊರೆತಾಗ ಡಚ್ಚರೂ ಬರಬೇಕಾಗಿತ್ತು, ಕೊನೆಗೆ ಹಿಂದೆಗೆದರು. ಅಂದು ಹೋಗಿದ್ದರೆ ಪದಕವೊಂದು ಬಂದೇ ಬರುತ್ತಿತ್ತು, ಏಕೆಂದರೆ ಕಣದಲ್ಲಿ ಉಳಿದದ್ದು ಬ್ರಿಟನ್ ಹಾಗೂ ಫ್ರಾನ್ಸ್ ಎಂಬ ಎರಡೇ ತಂಡ.

ಆ ಕಾಲದ ಡಚ್ ಆಟಗಾರರಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ನಿಲ್ಲುವವರು ಕಾರ್ಸ್ಟ್ ಪೋಸ್ತುಮಾ. ಆಂಗ್ಲ ಕ್ರಿಕೆಟ್ಟಿನ ಪಿತಾಮಹರೆನಿಸಿದ ಡಬ್ಲ್ಯು. ಜಿ. ಗ್ರೇಸ್ ತಮ್ಮ ಇಳಿವಯಸ್ಸಿನಲ್ಲಿ ನಡೆಸುತ್ತಿದ್ದ ಲಂಡನ್ ಕೌಂಟಿ ತಂಡದ ಪರವಾಗಿ ಇವರು 1903ರಲ್ಲಿ ಕೆಲವು ಪ್ರಥಮ ದರ್ಜೆಯ ಪಂದ್ಯಗಳನ್ನಾಡಿದರು. ಬ್ಯಾಟಿನಲ್ಲಿಯೂ ಬೌಲಿಂಗಿನಲ್ಲಿಯೂ ಸಮರ್ಥರಾಗಿದ್ದ ಇವರನ್ನು ಡಚ್ಚರು ತಮ್ಮ ನಾಡಿನ ಗ್ರೇಸ್ ಎಂದೇ ಕರೆದರು.

ಡಚ್ ಕ್ರಿಕೆಟ್ಟಿನ ಸ್ವಭಾವವನ್ನು ಅರಿಯಬೇಕಾದರೆ ಅದರ ಪಿಚ್ಚಿನ ಕಡೆಗೆ ಬಾಗಿ ನೋಡಬೇಕು. ತೇವದಿಂದ ಕೂಡಿದ ಆ ಮೆತ್ತನೆಯ ನೆಲದಲ್ಲಿ, ಚಳಿಗಾಲದುದ್ದಕ್ಕೂ ಹಾಕಿ, ಫುಟ್‌ಬಾಲ್ ಆಟಗಾರರು ತುಳಿದಾಡಿದ ಬಯಲಿನ ನಡುವೆ, ಇಪ್ಪತ್ತೆರಡು ಗಜದ ಗಟ್ಟಿ ಹುಲ್ಲುನೆಲವನ್ನು ಕಾಪಾಡಿಕೊಂಡು ಬರುವುದು ದುಸ್ಸಾಧ್ಯವೇ ಸರಿ. ಆದುದರಿಂದ ಅವರು ನೆಲವನ್ನು ಗಟ್ಟಿಮಾಡಿ ಅದರ ಮೇಲೆ ಕತ್ತದ ನಾರಿನ ಮ್ಯಾಟನ್ನು ಬಿಗಿದು ಹಾಸಿ ಆಡಿದರು. ಮ್ಯಾಟಿನ ಮೇಲೆ ಬಿದ್ದ ಚೆಂಡು ಮೋಸಮಾಡದೆ ಒಂದೇ ಹದದಲ್ಲಿ ಪುಟಿಯುತ್ತದೆ, ಹುಲ್ಲಿನ ಮೇಲಿಗಿಂತ ಎತ್ತರಕ್ಕೆ ಏಳುತ್ತದೆ, ಸ್ಪಿನ್ ಬೌಲರನ ಬೆರಳಿಗೆ ಚೆನ್ನಾಗಿ ಒಲಿಯುತ್ತದೆ. ಅದರಲ್ಲಿ ಪಳಗಿದ ದಾಂಡಿಗನ ಕೈ ಹುಲ್ಲಿನ ಪಿಚ್ಚಿನ ಮೇಲೆ ತಡವರಿಸುತ್ತದೆ. ಬೆಂಗಳೂರಿನಲ್ಲಿಯೂ ದೀರ್ಘಕಾಲ ಮ್ಯಾಟಿನ ಮೇಲೆಯೇ ಆಟ ನಡೆಯುತ್ತಿದ್ದುದರಿಂದ ನಮ್ಮ ಹಿರಿಯ ಆಟಗಾರರಿಗೆ ಈ ಸುಖವೂ ಈ ಕಷ್ಟವೂ ಎರಡೂ ಪರಿಚಿತವೇ. ಈಚಿನ ದಶಕಗಳಲ್ಲಿ ಆಮ್‌ಸ್ಟೆಲ್‌ವೇನ್, ರಾಟರ್‌ಡ್ಯಾಮ್ ಮುಂತಾದ ಕಡೆ ಹುಲ್ಲಿನ ಪಿಚ್ಚುಗಳು ಸಿದ್ಧವಾಗಿವೆಯಾದರೂ, ಡಚ್ ಆಟಗಾರನ ಬಾಲ್ಯ ಕಳೆಯುವುದು ಬಹುಮಟ್ಟಿಗೆ ಹಾಸಿನ ಮೇಲೆಯೇ.

ಆ ಹಾಸಿನ ಮೇಲೆಯೇ ಅವರ ಮೊದಲ ಮಹಾವಿಜಯವೂ ಲಭಿಸಿತು. 1964ರ ಬೇಸಿಗೆಯಲ್ಲಿ ಬಾಬ್ ಸಿಂಪ್ಸನ್ನರ ನಾಯಕತ್ವದ ಆಸ್ಟ್ರೇಲಿಯಾ ತಂಡ ಇಂಗ್ಲೆಂಡನ್ನು ಅದರ ನೆಲದಲ್ಲಿಯೇ ಮಣಿಸಿ ಆ್ಯಶಸ್ ಗೌರವವನ್ನು ಉಳಿಸಿಕೊಂಡು, ಪ್ರವಾಸದ ಕೊನೆಯಲ್ಲಿ ಒಂದು ದಿನದ ವಿನೋದಕ್ಕೆಂಬಂತೆ ಹೇಗ್ ನಗರಕ್ಕೆ ಬಂದಿತು. ಆಗಸ್ಟ್ 29ರಂದು ಆ ತಂಡ 197 ರನ್ನಿಗೆ ಉರುಳಿತು. ಸಂಜೆಯ ಹೊತ್ತಿಗೆ ಡಚ್ಚರು ಮೂರು ವಿಕೆಟ್ಟುಗಳಿಂದ ಗೆದ್ದಿದ್ದರು. ಕಚೇರಿಗಳಲ್ಲಿ, ಅಂಗಡಿಗಳಲ್ಲಿ ದುಡಿದು ಶನಿವಾರ ಭಾನುವಾರ ಮಾತ್ರ ಆಡುವವರ ತಂಡವೊಂದು ಜಗತ್ತಿನ ಅಗ್ರಮಾನ್ಯ ತಂಡವನ್ನು ಸೋಲಿಸಿತೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನ ಕ್ರಿಕೆಟ್ ಚರಿತ್ರೆಯಲ್ಲಿ ವಿರಳ. ಮುಂದೆ 1989ರಲ್ಲಿ ಆಮ್‌ಸ್ಟೆಲ್‌ವೇನಿನಲ್ಲಿ ಇಂಗ್ಲೆಂಡಿನ ತಂಡವೊಂದನ್ನು ಮೂರು ರನ್ನುಗಳಿಂದ, 1991ರಲ್ಲಿ ಹಾರ್ಲೆಮಿನಲ್ಲಿ ವೆಸ್ಟ್ ಇಂಡೀಸನ್ನು, 1994ರಲ್ಲಿ ದಕ್ಷಿಣ ಆಫ್ರಿಕಾವನ್ನು ಅವರು ಸೋಲಿಸಿದರು. ಇವು ಯಾವುವೂ ಅಧಿಕೃತ ಅಂತರರಾಷ್ಟ್ರೀಯ ಪಂದ್ಯಗಳಲ್ಲವಾದ್ದರಿಂದ ದಾಖಲೆಯ ಪುಟಗಳಲ್ಲಿ ಇವುಗಳಿಗೆ ಸ್ಥಳವಿಲ್ಲ.

ಅಧಿಕೃತ ವೇದಿಕೆಗೆ ಬರಲು ಅವರು ಬಹುಕಾಲ ಕಾಯಬೇಕಾಯಿತು. 1966ರಲ್ಲಿ ಅಂತರರಾಷ್ಟ್ರೀಯ ಮಂಡಳಿಯ ಸಹ ಸದಸ್ಯತ್ವ ಸಿಕ್ಕಿತು. 1986ರಲ್ಲಿಯೂ 1990ರಲ್ಲಿಯೂ ಐಸಿಸಿ ಟ್ರೋಫಿಯ ಅಂತಿಮ ಪಂದ್ಯವನ್ನು ಮುಟ್ಟಿ ಜಿಂಬಾಬ್ವೆಗೆ ಸೋತು, ವಿಶ್ವಕಪ್ಪಿನ ಬಾಗಿಲಿನಿಂದ ಮರಳಿದರು. ಕಡೆಗೆ 1996ರ ಫೆಬ್ರುವರಿಯಲ್ಲಿ ವಡೋದರಾದಲ್ಲಿ ನ್ಯೂಜಿಲೆಂಡಿನ ಎದುರು ಅವರ ಪ್ರಥಮ ವಿಶ್ವಕಪ್ ಪಂದ್ಯ ನಡೆಯಿತು. ಆ ತಂಡದಲ್ಲಿ ಬಾರ್ಬಡೋಸ್ ಮೂಲದ ನೋಲನ್ ಕ್ಲಾರ್ಕರಿಗೆ 47 ವರ್ಷ, ಬಾಸ್ ಜಾಯ್ಡರೆಂಟ್ ಎಂಬ ತರುಣನಿಗೆ 18. ತಂದೆ ಮಗನ ವಯಸ್ಸಿನವರಿಬ್ಬರು ಒಂದೇ ಅಂಗಿ ತೊಟ್ಟು ಆಡಿದ ಆ ತಂಡ ಐದಕ್ಕೆ ಐದು ಪಂದ್ಯಗಳನ್ನೂ ಸೋತಿತು. ಆದರೆ ಪೇಶಾವರದಲ್ಲಿ ಇಂಗ್ಲೆಂಡಿನ ಎದುರು ಆ ಹುಡುಗ ಗಳಿಸಿದ ಅರ್ಧಶತಕವನ್ನು ಸೋಲಿನ ಲೆಕ್ಕಕ್ಕೆ ಸೇರಿಸಲು ನನಗೆ ಮನಸ್ಸಾಗದು. ಕ್ಲಾರ್ಕ್ ಇಂದಿಗೂ ಏಕದಿನ ಅಂತರರಾಷ್ಟ್ರೀಯ ಪಂದ್ಯವನ್ನಾಡಿದ ಅತ್ಯಂತ ಹಿರಿಯ ಆಟಗಾರ.

2003ರ ವಿಶ್ವಕಪ್ಪಿನಲ್ಲಿ, ದಕ್ಷಿಣ ಆಫ್ರಿಕಾದ ಪಾರ್ಲ್ ಎಂಬಲ್ಲಿ, ಟಿಮ್ ಡಿ ಲೀಡೆ ಎಂಬ ಮಧ್ಯಮವೇಗದ ಬೌಲರು ತೆಂಡೂಲ್ಕರರನ್ನೂ ನಮ್ಮ ರಾಹುಲ್ ದ್ರಾವಿಡರನ್ನೂ ಸೇರಿಸಿ ನಾಲ್ಕು ವಿಕೆಟ್ಟುಗಳನ್ನು 35 ರನ್ನಿಗೆ ಪಡೆದು ಭಾರತವನ್ನು 204ಕ್ಕೆ ತಡೆದರು. ಸೋತ ತಂಡದವರಾಗಿಯೂ ಪಂದ್ಯಶ್ರೇಷ್ಠರೆನಿಸಿದರು. ಅದೇ ಕೂಟದಲ್ಲಿ ನಮೀಬಿಯಾದ ಮೇಲೆ ಅವರಿಗೆ ಏಕದಿನ ಕ್ರಿಕೆಟ್ಟಿನ ಮೊದಲ ಗೆಲುವು ಪ್ರಾಪ್ತವಾಯಿತು. ಆದರೆ ಡಚ್ಚರ ಹೆಸರನ್ನು ಲೋಕದ ಬಾಯಿಗೆ ತಂದುಕೊಟ್ಟದ್ದು 2009ರ ಜೂನ್ 5ರ ಸಂಜೆ, ಲಾರ್ಡ್ಸ್ ಮೈದಾನದಲ್ಲಿ. ಟ್ವೆಂಟಿ20 ವಿಶ್ವಕಪ್ಪಿನ ಮೊದಲ ಪಂದ್ಯ. ಇಂಗ್ಲೆಂಡ್ 162 ರನ್ ಗಳಿಸಿತ್ತು. ಕೊನೆಯ ಓವರಿಗೆ ಏಳು ರನ್ ಬೇಕಾಗಿ, ಕೊನೆಯ ಚೆಂಡಿಗೆ ಎರಡು ಉಳಿದವು. ಎಡ್ಗರ್ ಶಿಫೆರ್ಲಿ ಹೊಡೆದ ಚೆಂಡು ದೂರ ಹೋಗದೆ ಬೌಲರ್ ಸ್ಟೂವರ್ಟ್ ಬ್ರಾಡರ ಕೈಗೇ ಸೇರಿತು. ರನ್ ಔಟ್ ಮಾಡುವ ಆತುರದಲ್ಲಿ ಬ್ರಾಡ್ ಸ್ಟಂಪಿನತ್ತ ಎಸೆದರು. ಚೆಂಡು ಗುರಿ ತಪ್ಪಿ ಆಚೆಗೆ ಉರುಳಿತು. ದಾಂಡಿಗರಿಬ್ಬರೂ ತಿರುಗಿ ಮತ್ತೊಮ್ಮೆ ಓಡಿದರು. ಕ್ರಿಕೆಟ್ಟಿನ ತವರೆನಿಸಿದ ಹುಲ್ಲಿನ ಮೇಲೆ, ಕ್ರಿಕೆಟ್ಟನ್ನು ಹುಟ್ಟಿಸಿದ ನಾಡು ಸೋತಿತ್ತು.

ಇಷ್ಟು ಹೇಳಿದ ಮೇಲೆ ಪರಾಭವದ ಪ್ರಕರಣಗಳನ್ನು ಮರೆಮಾಚುವುದು ಸಲ್ಲದು. 2014ರಲ್ಲಿ ಚಿತ್ತಗಾಂಗಿನಲ್ಲಿ ಶ್ರೀಲಂಕಾದ ಎದುರು ಅವರು 39 ರನ್ನಿಗೆ ಪತನಗೊಂಡರು. ಒಂದು ವಾರ ಕಳೆಯುವಷ್ಟರಲ್ಲಿ ಅದೇ ಊರಿನಲ್ಲಿ ಇಂಗ್ಲೆಂಡನ್ನು 88ಕ್ಕೆ ಉರುಳಿಸಿ ಗೆದ್ದರೆಂಬುದೂ ನಿಜ. ಆಮ್‌ಸ್ಟೆಲ್‌ವೇನಿನ ಮೈದಾನಕ್ಕೆ ಮಾತ್ರ ವಿಚಿತ್ರವಾದೊಂದು ಯೋಗ ಅಂಟಿಕೊಂಡಿದೆ. 2006ರಲ್ಲಿ ಶ್ರೀಲಂಕಾ ಅಲ್ಲಿ ಡಚ್ಚರ ವಿರುದ್ಧ 443 ರನ್ ಗಳಿಸಿದಾಗ ಅದು ಏಕದಿನ ಕ್ರಿಕೆಟ್ಟಿನ ಅತ್ಯಧಿಕ ಮೊತ್ತವಾಯಿತು. 2022ರಲ್ಲಿ ಇಂಗ್ಲೆಂಡ್ ಅದೇ ಬಯಲಿನಲ್ಲಿ 498 ಗಳಿಸಿ ಮತ್ತೊಮ್ಮೆ ವಿಶ್ವದಾಖಲೆಯನ್ನು ಬರೆಯಿತು. ಮೈದಾನದ ಅಂಚಿಗೇ ಮರಗಳು ಒತ್ತಿಕೊಂಡು ಬೆಳೆದಿರುವ ಸ್ಥಳವದು. ಇಂಗ್ಲೆಂಡಿನವರ ಸಿಕ್ಸರುಗಳು ಒಂದರ ಹಿಂದೊಂದು ಆ ಮರಗಳೊಳಗೆ ಬೀಳುತ್ತಿದ್ದಾಗ, ರಾಷ್ಟ್ರೀಯ ತಂಡದ ಆಟಗಾರರು ತಾವೇ ಪೊದೆಗಳ ನಡುವೆ ನುಗ್ಗಿ, ಎಲೆಗಳನ್ನು ಸರಿಸಿ ಚೆಂಡನ್ನು ಹುಡುಕುತ್ತಿದ್ದುದನ್ನು ಲೋಕವೆಲ್ಲ ದೂರದರ್ಶನದಲ್ಲಿ ನೋಡಿತು. ನೋಡಿ ನಕ್ಕವರು ಬಹುಮಂದಿ. ನನಗೆ ಆ ಆಟಗಾರರ ಮೇಲೆ ಗೌರವವೇ ಹೆಚ್ಚಾಯಿತು.

ಈ ತಂಡದಲ್ಲಿ ಡಚ್ಚರೆಷ್ಟು ಮಂದಿ ಎಂದು ಆಕ್ಷೇಪಿಸುವವರುಂಟು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಬೆಳೆದವರು, ನ್ಯೂಜಿಲೆಂಡಿನಿಂದ ಬಂದವರು, ವಿಜಯವಾಡದಲ್ಲಿ ಜನಿಸಿದ ತೇಜಾ ನಿಡಮನೂರು, ಪಂಜಾಬಿನಿಂದ ವಲಸೆಹೋದ ಕುಟುಂಬದ ವಿಕ್ರಮ್‌ಜಿತ್ ಸಿಂಗ್ ಮೊದಲಾದವರೆಲ್ಲ ಇದರಲ್ಲಿ ಕೂಡಿಕೊಂಡಿರುವುದು ಸತ್ಯ. ಆದರೆ ಸಮುದ್ರವ್ಯಾಪಾರದಿಂದ ಬಾಳಿದ ನಾಡಿನಲ್ಲಿ ಹೊರಗಿನಿಂದ ಬಂದವರು ನೆಲೆಯೂರುವುದು ಶತಮಾನಗಳ ವಾಡಿಕೆ. ಅಲ್ಲಿನ ಆಟದ ತಂಡವೊಂದು ಆ ನಾಡನ್ನೇ ಹೋಲುವುದರಲ್ಲಿ ದೋಷವನ್ನು ಕಾಣಲಾರೆ. ನಿಜವಾದ ಕೊರತೆ ಬೇರೆ ಕಡೆ ಇದೆ: ಹಣದಲ್ಲಿ, ಪಂದ್ಯಗಳ ಸಂಖ್ಯೆಯಲ್ಲಿ. 2020ರ ನವೆಂಬರಿನಲ್ಲಿ, ಸಾಂಕ್ರಾಮಿಕ ರೋಗದ ದೆಸೆಯಿಂದ ಮುಂದೂಡಲ್ಪಟ್ಟ ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆಯಬೇಕಾಗಿದ್ದ ದಿನ, ಡಚ್ ವೇಗದ ಬೌಲರ್ ಪಾಲ್ ವಾನ್ ಮೀಕೆರೆನ್ ತಾವು ಚಳಿಗಾಲವನ್ನು ಕಳೆಯಲು ಮನೆಮನೆಗೆ ಊಟ ತಲುಪಿಸುವ ಕೆಲಸ ಮಾಡುತ್ತಿರುವುದಾಗಿ ಸಾರ್ವಜನಿಕವಾಗಿ ತಿಳಿಸಿದರು. ಮೂರು ವರ್ಷಗಳ ಮೇಲೆ ಅವರೇ ಕೋಲ್ಕತ್ತಾದ ಈಡನ್ ಗಾರ್ಡನ್ಸಿನಲ್ಲಿ ಬಾಂಗ್ಲಾದೇಶದ ನಾಲ್ಕು ವಿಕೆಟ್ಟು ಕಿತ್ತು ವಿಶ್ವಕಪ್ಪಿನ ಪಂದ್ಯವೊಂದನ್ನು ಗೆಲ್ಲಿಸಿಕೊಟ್ಟರು.

ಆ 2023ರ ವಿಶ್ವಕಪ್ಪಿಗೆ ಅವರು ಬಂದ ದಾರಿಯೂ ಸುಗಮವಾಗಿರಲಿಲ್ಲ. ಹರಾರೆಯ ಅರ್ಹತಾ ಪಂದ್ಯದಲ್ಲಿ ವೆಸ್ಟ್ ಇಂಡೀಸಿನ 374 ರನ್ನುಗಳನ್ನು ಸರಿಗಟ್ಟಿ, ಸೂಪರ್ ಓವರಿನಲ್ಲಿ ಲೋಗನ್ ವಾನ್ ಬೀಕ್ ಒಬ್ಬರೇ ಆರು ಚೆಂಡಿಗೆ 30 ರನ್ ಬಾರಿಸಿ, ಬಳಿಕ ತಾವೇ ಬೌಲ್ ಮಾಡಿ ಗೆಲ್ಲಿಸಿದರು. ಸ್ಕಾಟ್ಲೆಂಡಿನ ಎದುರಿನ ನಿರ್ಣಾಯಕ ಪಂದ್ಯದಲ್ಲಿ ಐದು ವಿಕೆಟ್ಟು ಪಡೆದು 123 ರನ್ನನ್ನೂ ಗಳಿಸಿದ ಬಾಸ್ ಡಿ ಲೀಡೆ, ಪಾರ್ಲಿನಲ್ಲಿ ದ್ರಾವಿಡರ ವಿಕೆಟ್ಟು ಪಡೆದ ಟಿಮ್ ಅವರ ಮಗ. ಅರ್ಹತೆ ದೊರೆತ ಮೇಲೆ ತಂಡವು ಬೆಂಗಳೂರಿನ ಹೊರವಲಯದ ಆಲೂರಿನಲ್ಲಿ ಬೀಡುಬಿಟ್ಟು ಅಭ್ಯಾಸ ನಡೆಸಿತು. ಅಭ್ಯಾಸಕ್ಕೆ ಬೌಲರುಗಳು ಬೇಕೆಂದು ಹೊರಡಿಸಿದ ಪ್ರಕಟಣೆಗೆ ಸಾವಿರಾರು ಮಂದಿ ಓಗೊಟ್ಟರು, ಆಯ್ಕೆಯಾದವರಲ್ಲೊಬ್ಬ ತರುಣನು ಚೆನ್ನೈಯಲ್ಲಿ, ವಾನ್ ಮೀಕೆರೆನರಂತೆಯೇ, ಮನೆಮನೆಗೆ ಊಟ ತಲುಪಿಸುತ್ತಿದ್ದವನು. ಧರ್ಮಶಾಲೆಯಲ್ಲಿ 82ಕ್ಕೆ ಐದು ವಿಕೆಟ್ಟು ಕಳೆದುಕೊಂಡಿದ್ದಾಗ ನಾಯಕ ಸ್ಕಾಟ್ ಎಡ್ವರ್ಡ್ಸ್ ಔಟಾಗದೆ 78 ರನ್ ಗಳಿಸಿ ಇನಿಂಗ್ಸನ್ನು ಮೇಲೆತ್ತಿದರು. ಬಲಿಷ್ಠವಾದ ದಕ್ಷಿಣ ಆಫ್ರಿಕಾ 38 ರನ್ನುಗಳಿಂದ ಸೋತಿತು. ನವೆಂಬರ್ 12ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ 410 ರನ್ ಗಳಿಸಿದ ಇನಿಂಗ್ಸಿನಲ್ಲಿ, ತವರಿನ ಪ್ರೇಕ್ಷಕರ ಎದುರು 62 ಚೆಂಡುಗಳಲ್ಲಿ ಶತಕ ಪೂರೈಸಿದ ಕೆ. ಎಲ್. ರಾಹುಲರನ್ನು ಕೊನೆಗೆ ಔಟ್ ಮಾಡಿದ್ದು ಬಾಸ್ ಡಿ ಲೀಡೆ. ಇಪ್ಪತ್ತು ವರ್ಷಗಳ ಅಂತರದಲ್ಲಿ ತಂದೆಗೊಬ್ಬ, ಮಗನಿಗೊಬ್ಬ ಕನ್ನಡನಾಡಿನ ರಾಹುಲ್ ವಿಶ್ವಕಪ್ಪಿನಲ್ಲಿ ವಿಕೆಟ್ಟು ಒಪ್ಪಿಸಿದಂತಾಯಿತು.

2020ರಿಂದ 2023ರವರೆಗೆ ನಡೆದ ಸೂಪರ್ ಲೀಗ್ ವ್ಯವಸ್ಥೆಯಲ್ಲಿ ಹನ್ನೆರಡು ಪೂರ್ಣಸದಸ್ಯ ರಾಷ್ಟ್ರಗಳ ಜೊತೆಗೆ ಹದಿಮೂರನೆಯದಾಗಿ ಡಚ್ಚರಿಗೆ ಸ್ಥಾನವಿದ್ದಿತು. ಅದರಲ್ಲಿ ಅವರು ಕೊನೆಯವರಾದರು. ಆದರೆ ವರ್ಷದುದ್ದಕ್ಕೂ ದೊಡ್ಡ ತಂಡಗಳೊಡನೆ ನಿಯಮಿತವಾಗಿ ಆಡುವ ಅವಕಾಶ ಅವರಿಗೆ ಲಭಿಸಿದ್ದು ಆ ಮೂರು ವರ್ಷಗಳಲ್ಲಿ ಮಾತ್ರ, ಧರ್ಮಶಾಲೆಯ ಗೆಲುವು ಅದರ ಫಲವೆಂದೇ ನನ್ನ ನಂಬಿಕೆ. ಆ ವ್ಯವಸ್ಥೆಯನ್ನು ಒಂದೇ ಆವರ್ತನಕ್ಕೆ ಕೈಬಿಟ್ಟದ್ದು ಅಂತರರಾಷ್ಟ್ರೀಯ ಮಂಡಳಿ ಸಣ್ಣ ನಾಡುಗಳಿಗೆ ಮಾಡಿದ ಅನ್ಯಾಯ. ಡಚ್ಚರು ಮತ್ತೆ ಅರ್ಹತಾ ಪಂದ್ಯಗಳ ಹಾದಿಯನ್ನೇ ಹಿಡಿಯಬೇಕಾಯಿತು. 2025ರ ಜುಲೈಯಲ್ಲಿ ತಮ್ಮದೇ ನಾಡಿನಲ್ಲಿ ನಡೆದ ಯೂರೋಪಿನ ಅರ್ಹತಾ ಕೂಟದಲ್ಲಿ ಇಟಲಿಯನ್ನು ಒಂಬತ್ತು ವಿಕೆಟ್ಟುಗಳಿಂದ ಸೋಲಿಸಿ, ಭಾರತ ಹಾಗೂ ಶ್ರೀಲಂಕಾಗಳ 2026ರ ಟ್ವೆಂಟಿ20 ವಿಶ್ವಕಪ್ಪಿಗೆ ಅವರು ಹಕ್ಕುಳ್ಳವರಾದರು. ಸೋತ ಇಟಲಿಗೂ ಅಂದೇ, ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ, ವಿಶ್ವಕಪ್ಪಿನ ಸ್ಥಾನ ದೊರೆಯಿತು.